ಉಣ್ಣೆಯ ಕೋಟಿನಲ್ಲಿ ಊರು ಸೇರಿದ್ದು

ವಿಮಾನದವರು ವಿಧಿಸುವ 30 ಕಿಲೋಗಳ ಮಿತಿಯು ಪೆಟ್ಟಿಗೆಗೆ ಅನ್ವಯಿಸುವುದೇ ಹೊರತು ಪ್ರಯಾಣಿಕನ ಶರೀರಕ್ಕಲ್ಲವೆಂಬ ಸೂಕ್ಷ್ಮವು ದುಬಾಯಿಯಲ್ಲಿರುವ ಮಗನ ಮನೆಯಲ್ಲಿ ಹೊರಡುವ ಹಿಂದಿನ ರಾತ್ರಿ ನನಗೆ ಹೊಳೆದಾಗ, ಸ್ವಂತ ಬುದ್ಧಿಯ ವಿಷಯದಲ್ಲಿ ನನ್ನಲ್ಲಿ ಉದಿಸಿದ ಗೌರವವು ಇಂದಿಗೂ ಪೂರ್ತಿ ಅಸ್ತಂಗತವಾಗಿಲ್ಲ. ಮಗನು ಯಾವುದೋ ಶೀತದೇಶಕ್ಕೆಂದು ಕೊಂಡು, ಮರುಭೂಮಿಯಲ್ಲಿ ತೊಡಲಾರದೆ ಬೀರುವಿನಲ್ಲಿ ತೂಗುಹಾಕಿದ್ದ ಕೆನೆಬಣ್ಣದ ಉಣ್ಣೆಯ ಕೋಟಿಗೆ ಒಳಗೂ ಹೊರಗೂ ಸೇರಿ ಆರು ಜೇಬುಗಳಿದ್ದವು. ಎಡಗಡೆ ಹಾಲಿನ ಪುಡಿಯ ಪೊಟ್ಟಣಗಳು, ಬಲಗಡೆ ಟ್ಯಾಂಗು, ಎದೆಯ ಮೇಲೆ ಖರ್ಜೂರ, ಒಳಜೇಬುಗಳಲ್ಲಿ ಕೊಡಲಿ ಗುರುತಿನ ಎಣ್ಣೆ, ಟೈಗರ್ ಬಾಮು. ಹೀಗೆ ಸರ್ವಾಲಂಕಾರಭೂಷಿತನಾಗಿ, ಮೊಣಕೈಗಳನ್ನು ಮೈಗೆ ತಾಗಿಸಲಾಗದೆ ಗರುಡನಂತೆ ಅವನ್ನು ಹರಡಿಕೊಂಡು, ನಾನು ಆಷಾಢದ ಮಂಗಳೂರಿಗೆ ಬಂದಿಳಿದೆನು.

ಕುಮಟೆಯವರೆಗೂ ರೈಲೆಂದು ನಂಬಿದ್ದೆ. ಕೊಂಕಣದ ಹಳಿಯ ಮೇಲೆ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿಯುಂಟು, ಗಾಡಿಗಳು ನಿಧಾನವಾಗಿ ಚಲಿಸುತ್ತವೆ ಎಂಬುದು ಕರಾವಳಿಯವನಾದ ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಉಣ್ಣೆಯೊಳಗೆ ಕುಳಿತವನಿಗೆ ಆ ನಿಧಾನವು ಬೇರೆಯೇ ಒಂದು ಶಾಸ್ತ್ರದಂತೆ ತೋರಿತು. ಎದುರಿನ ಆಸನದಲ್ಲಿ, ಅದೇ ವಿಮಾನದಲ್ಲಿ ಬಂದಿದ್ದ ಭಟ್ಕಳದ ತರುಣನೊಬ್ಬನು ಸಣ್ಣ ಕೈಚೀಲವೊಂದನ್ನೇ ತೊಡೆಯ ಮೇಲಿರಿಸಿಕೊಂಡು ಕುಳಿತಿದ್ದನು. ಉಡುಪಿ, ಕುಂದಾಪುರ, ಬೈಂದೂರುಗಳು ಹಿಂದೆ ಸರಿಯುವವರೆಗೂ ನಾನು ಅವನಿಗೆ ಸೆಕೆಯನ್ನೂ ಬೆವರನ್ನೂ ತೂಕದ ನಿಯಮಗಳ ಅವಿವೇಕವನ್ನೂ ಸವಿಸ್ತಾರವಾಗಿ ವಿವರಿಸಿದೆನು; ಅವನೂ ವಿನಯದಿಂದ ಕೇಳಿದನು. ಮುಂದೆಲ್ಲೋ ಗುಡ್ಡದ ಮಣ್ಣು ಹಳಿಗೆ ಜಾರಿದೆ, ಗಾಡಿ ಭಟ್ಕಳದಿಂದ ಮುಂದಕ್ಕೆ ಹೋಗದು ಎಂಬ ವಾರ್ತೆ ಬಂದಾಗ, ನನ್ನ ಪೆಟ್ಟಿಗೆಯನ್ನು ಇಳಿಸಿಕೊಟ್ಟವನೂ ಅವನೇ. "ನಿಮಗೇನು, ಊರು ಬಂದೇಬಿಟ್ಟಿತು, ಅದೃಷ್ಟವಂತರು" ಎಂದೆನು. "ಅಪ್ಪ ತೀರಿಕೊಂಡರು ಸರ್. ನಿನ್ನೆಯೇ ಮಣ್ಣು ಮಾಡಿದರು. ಕಾಯಬೇಡಿ ಎಂದು ನಾನೇ ಫೋನಿನಲ್ಲಿ ಹೇಳಿದೆ" ಎಂದು ಅವನು ಸಲಾಮು ಹೇಳಿ ಮಳೆಯಲ್ಲಿ ನಡೆದುಹೋದನು. ಆ ಕೋಟಿನಲ್ಲಿ ಅದುವರೆಗೆ ಬೆವರಿದ್ದು ಶರೀರ ಮಾತ್ರವಾಗಿತ್ತು.

ಭಟ್ಕಳದ ಪೇಟೆಯಲ್ಲಿ ಬಸ್ಸಿಗಾಗಿ ಕಾದು ನಿಂತಾಗ ಎದುರಿಗೆ ವಿದೇಶೀ ವಸ್ತುಗಳ ಅಂಗಡಿ. ಅಲ್ಲಿ ಹಾಲಿನ ಪುಡಿ, ಟ್ಯಾಂಗು, ಖರ್ಜೂರ, ಕೊಡಲಿ ಗುರುತಿನ ಎಣ್ಣೆ, ಬಾಮು ಎಲ್ಲವೂ, ನನ್ನ ಜೇಬುಗಳ ಕ್ರಮವನ್ನೇ ಕದ್ದು ನೋಡಿ ಜೋಡಿಸಿದಂತೆ, ಸಾಲಾಗಿ ನಿಂತಿದ್ದವು. ನಾನು ಬೆಲೆ ಕೇಳಲಿಲ್ಲ. ಕೇಳದೆಯೇ ಉಳಿದ ಕೆಲವು ವಿಷಯಗಳಿಂದಲೇ ಈ ಇಳಿವಯಸ್ಸಿನಲ್ಲಿ ನನ್ನ ರಕ್ತದೊತ್ತಡವು ಹದದಲ್ಲಿದೆ.

ಬಸ್ಸು ಶರಾವತಿಯನ್ನು ದಾಟುವಾಗ, ಎರಡು ಕಿಲೋಮೀಟರಿಗೂ ಮಿಗಿಲಾದ ರೈಲುಸೇತುವೆಯು ಅತ್ತ ಗಾಡಿಯಿಲ್ಲದೆ ಸುಮ್ಮನೆ ನೆನೆಯುತ್ತಿತ್ತು. ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತನು ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟವನಾದುದರಿಂದ, ಮಾಸ್ತರಿಕೆಯಿಂದ ನಿವೃತ್ತನಾದ ನನಗೆ ಅವನಲ್ಲಿ ಹಳೆಯ ಸಲುಗೆಯುಂಟು. ಅವನನ್ನು ಹೊನ್ನಾವರಕ್ಕೂ ಬಾರಕೂರಿಗೂ ನಡುವಣ ಕಡಲಿನಲ್ಲಿ ಹನ್ನೆರಡು ಹಡಗುಗಳ ಕಳ್ಳರು ಸುತ್ತುಗಟ್ಟಿ, ಚಲ್ಲಣವೊಂದನ್ನುಳಿಸಿ ಮಿಕ್ಕೆಲ್ಲವನ್ನೂ ದೋಚಿದರಂತೆ. ಆ ಪುಣ್ಯಾತ್ಮರು ನನ್ನ ಪಾಲಿಗೆ ಇಲ್ಲವಾದರಲ್ಲಾ ಎಂದು ಹಲುಬಿದೆನು.

ಹೊನ್ನಾವರದಲ್ಲಿ ಬಸ್ಸಿನಿಂದ ಟೆಂಪೋವಿಗೆ ಹೋಗುವ ಹತ್ತು ಹೆಜ್ಜೆಗಳಲ್ಲಿ ಕೋಟು ಪಶ್ಚಿಮ ಸಮುದ್ರದ ಅರ್ಧವನ್ನು ಕುಡಿಯಿತು. ಒಳಗೆ ಮೀನಿನ ಬುಟ್ಟಿಯ ಅಮ್ಮನೊಬ್ಬಳಿಗೂ ಕಾಲೇಜು ಹುಡುಗರ ಹಿಂಡಿಗೂ ನಡುವೆ ನನ್ನನ್ನು ತುರುಕಿ, ಕಂಡಕ್ಟರನು "ಇನ್ನೊಂದ್ ಚೂರು ಒಳಗ್ ಹೋಗಿ ಮಾಸ್ತರ್ರೇ" ಎಂದು ಬೆನ್ನಿಗೆ ಕೈಯಿಟ್ಟು ಒತ್ತಿದ ಕ್ಷಣದಲ್ಲಿ, ಎಡಜೇಬಿನಲ್ಲೊಂದು ಪೊಟ್ಟಣವು ಫಟ್ಟೆಂದು ಒಡೆಯಿತು. ಮೊದಲು ಕೇವಲ ಬೆಚ್ಚಗಾಯಿತು, ಅನಂತರ ಮೃದುವಾಯಿತು, ರಸ್ತೆಯ ಮೊದಲ ಹೊಂಡಕ್ಕೆ ಹಾಲು, ಎರಡನೆಯದಕ್ಕೆ ಕೆನೆ, ಆಮೇಲಿನ ಹೊಂಡಗಳು ಪಾಕಶಾಸ್ತ್ರಜ್ಞರ ಸಾವಧಾನದಿಂದ ಕಲಕುತ್ತ ಕಲಕುತ್ತ ನನ್ನ ಪಕ್ಕೆಲುಬಿನ ಕಾವಿನಲ್ಲಿ ಅದನ್ನು ಗಟ್ಟಿಗೊಳಿಸಿದವು. ಅಷ್ಟರಲ್ಲಿ ಬಲಜೇಬಿನ ಟ್ಯಾಂಗೂ ಕಟ್ಟು ಮೀರಿ, ಕಿತ್ತಳೆಯ ಬಣ್ಣವು ಉಣ್ಣೆಯ ಎಳೆಯೆಳೆಯಲ್ಲಿ ಉದಯಗಿರಿಯ ಅರುಣನಂತೆ ಏರತೊಡಗಿತು. ಅಮ್ಮನು ತನ್ನ ಬುಟ್ಟಿಯನ್ನು ನನ್ನಿಂದ ದೂರಕ್ಕೆ ಸರಿಸಿ "ನಿಮ್ದು ಏನೋ ವಾಸ್ನೆ ಬತ್ತದೆ" ಎಂದಳು. ಮೀನುಬುಟ್ಟಿಯ ಒಡತಿಯಿಂದ ಈ ಮಾತು ಕೇಳಿದ ಮೇಲೆ ನನಗೆ ಅಪಮಾನದಲ್ಲಿ ಹೊಸತೆಂಬುದಿಲ್ಲ. ಕಂಡಕ್ಟರನು ಮಾತ್ರ ಕೋಟನ್ನು ಮುಷ್ಟಿಯಲ್ಲಿ ತೂಗಿ, ಅದಕ್ಕೆ ಪ್ರತ್ಯೇಕವಾಗಿ ಲಗೇಜಿನ ದರ ಹಾಕಿದನು.

ಕುಮಟೆ ಬಂತು, ರಿಕ್ಷಾ ಸಿಕ್ಕಿತು, ಮನೆಯವಳು ಬಾಗಿಲು ತೆರೆದಳು. ಅವಳು ನನ್ನನ್ನು ಏನೂ ಕೇಳದೆ ಎಡಜೇಬನ್ನು ಸೌಟಿನಿಂದ ತೋಡಿ, ಬಂದದ್ದಕ್ಕೆ ಬೆಲ್ಲ ಹಾಕಿ ಕಾಸಿ, ಮರುದಿನ ನೆರೆಹೊರೆಗೆ ದುಬಾಯಿಯ ಪೇಡೆಯೆಂದು ಹಂಚಿದಳು. ನಡುನಡುವೆ ಬಾಯಿಗೆ ಸಿಕ್ಕ ಕಿತ್ತಳೆಬಣ್ಣದ ಎಳೆಗಳನ್ನು ಎಲ್ಲರೂ ಕೇಸರಿಯೆಂದೇ ಭಾವಿಸಿ, ಇಷ್ಟು ಧಾರಾಳವಾಗಿ ಹಾಕುವುದು ಆ ದೇಶದವರಿಗೇ ಸಾಧ್ಯವೆಂದು ಕೊಂಡಾಡಿದರು.