ಮನೆ ಹೋದರೂ ಲಾಭ ನಿಮ್ಮದೇ

ರಾಯರ ಮನೆಯ ಚಕ್ಕುಬಂದಿ ಪೇಪರಿನಲ್ಲಿ ಬಂತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮೋರಿ, ಉತ್ತರ ದಕ್ಷಿಣಗಳಿಗೆ ಇನ್ನೂ ಕಂತು ಕಟ್ಟುತ್ತಿರುವ ಪುಣ್ಯವಂತರು. ಗೇಟಿನಲ್ಲಿ ರಾಯರೇ ಬರೆಸಿ ತೂಗುಹಾಕಿದ ‘ಮನೆ ಬಾಡಿಗೆಗಿದೆ’ ಬೋರ್ಡು. ಅದರ ಪಕ್ಕದಲ್ಲೇ ಬ್ಯಾಂಕಿನವರು ಗೋಂದು ಬಳಿದು ಅಂಟಿಸಿದ ಹರಾಜು ನೋಟಿಸು.

ಬೆಂಗಳೂರಿನ ವಾಡಿಕೆಯಂತೆ ರಾಯರು ತಾವು ಬಾಡಿಗೆ ಮನೆಯಲ್ಲಿದ್ದುಕೊಂಡು ಸ್ವಂತದ್ದನ್ನು ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆ ವರ್ಷಕ್ಕೆ 1.8 ಲಕ್ಷ, ಸಾಲದ ಬಡ್ಡಿ 4.5 ಲಕ್ಷ. ಬಾಡಿಗೆಯಲ್ಲಿ ರಿಪೇರಿಗೆಂದು ತೆರಿಗೆ ಇಲಾಖೆ ಬಿಡುವ ಶೇ. 30 ಕಳೆದರೆ ನಷ್ಟ 3.24 ಲಕ್ಷ. 2017ರಿಂದೀಚೆಗೆ ಇಂಥ ನಷ್ಟದಲ್ಲಿ ಸಂಬಳದಿಂದ ಕಳೆಯಲು ಬಿಡುವುದು 2 ಲಕ್ಷ ಮಾತ್ರ. ಅದೂ ಹಳೇ ತೆರಿಗೆ ಪದ್ಧತಿಯಲ್ಲಿ. ಹೊಸ ಪದ್ಧತಿಯಲ್ಲಿ ಈ ನಷ್ಟ ಸಂಬಳದ ಹತ್ತಿರವೂ ಸುಳಿಯುವಂತಿಲ್ಲ. 2 ಲಕ್ಷ ಮೀರಿ ಉಳಿದದ್ದನ್ನು ಉಪ್ಪಿನಕಾಯಿ ಜಾಡಿಯಂತೆ ಅಟ್ಟಕ್ಕೇರಿಸಿ 8 ವರ್ಷ ಇಟ್ಟುಕೊಳ್ಳಬಹುದು. ರಾಯರು ಶ್ರದ್ಧೆಯಿಂದ ಇಟ್ಟರು.

ಆಮೇಲೆ ಮಗಳ ಮದುವೆಗೆ ಅದೇ ಮನೆಯ ಮೇಲೆ ಇನ್ನೊಂದು ಸಾಲ, ಅದರ ಬೆನ್ನಿಗೇ ಕೆಲಸ ಹೋಯಿತು. 90 ದಿನ ಕಂತು ತಪ್ಪಿತು, 60 ದಿನದ ನೋಟಿಸು ಬಂತು, ಬ್ಯಾಂಕಿಗೆ ಹರಾಜಿನ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ತನ್ನ ಕೆಲಸ ಮುಗಿಸಿತು. 60 ಲಕ್ಷಕ್ಕೆ ಕೊಂಡ ಮನೆ 95 ಲಕ್ಷಕ್ಕೆ ಹರಾಜಾಯಿತು. ಬಾಕಿ ಇದ್ದದ್ದು 1.1 ಕೋಟಿ. ರಾಯರ ಕೈಗೆ ಬಂದದ್ದು ಇನ್ನೂ 15 ಲಕ್ಷ ಕಟ್ಟಿ ಎಂಬ ಕಾಗದ.

“ಅಭಿನಂದನೆ ರಾಯರೇ, ನಿಮಗೆ 35 ಲಕ್ಷ ಲಾಭ ಬಂದಿದೆ” ಎಂದರು ಆಡಿಟರು.

“ಎಲ್ಲಿ ಸ್ವಾಮಿ?”

“ಕಾನೂನಿನಲ್ಲಿ.”

ತಮಾಷೆಯಲ್ಲ. ಅಡವಿಟ್ಟ ಆಸ್ತಿ ಹರಾಜಾಗಿ ಹಣವೆಲ್ಲ ಸಾಲಕ್ಕೆ ಹೋದರೂ ಪೂರ್ತಿ ಬೆಲೆ ಮಾಲೀಕನಿಗೇ ಬಂದಂತೆ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಅತ್ತಿಲಿ ಎನ್. ರಾವ್ ಪ್ರಕರಣದಲ್ಲಿ ಹೇಳಿದೆ. ಹಿಂದಿನ ಮಾಲೀಕ ಮಾಡಿಟ್ಟ ಅಡವನ್ನು ನೀವು ಬಿಡಿಸಿಕೊಂಡಿದ್ದರೆ ಆ ಖರ್ಚು ಲೆಕ್ಕಕ್ಕುಂಟು. ನೀವೇ ಮಾಡಿದ ಅಡವಾದರೆ ಇಲ್ಲ. ಅಪ್ಪನ ಸಾಲಕ್ಕೆ ಮರ್ಯಾದೆ, ಸ್ವಯಾರ್ಜಿತ ಸಾಲಕ್ಕೆ ಮಂಗಳಾರತಿ! ಹಣದುಬ್ಬರದ ರಿಯಾಯಿತಿ ಹಿಡಿದರೂ ರಾಯರ ತೆರಿಗೆ ಲಕ್ಷ ದಾಟುತ್ತದೆ.

ರಾಯರಿಗೆ ಅಟ್ಟದ ಜಾಡಿ ನೆನಪಾಯಿತು. “ಅದೇ ಮನೆಯ ಹಳೇ ನಷ್ಟವನ್ನು ಅದೇ ಮನೆಯ ಈ ಲಾಭದಲ್ಲಿ ಕಳೆಯಿರಿ.”

“ಆಗಲ್ಲ. ಅದನ್ನು ಕಳೆಯೋದು ಮನೆ ಬಾಡಿಗೆಯ ಆದಾಯದಲ್ಲಿ ಮಾತ್ರ.”

“ಮನೆಯೇ ಇಲ್ಲವಲ್ಲ?”

“ಇನ್ನೊಂದು ಕೊಂಡು ಬಾಡಿಗೆಗೆ ಕೊಡಿ. ಇನ್ನೂ 5 ವರ್ಷ ಟೈಮಿದೆ.”

ರಾಯರು ಕಂಪನಿಯಾಗಿ ಹುಟ್ಟಬೇಕಿತ್ತು. 2016ರ ದಿವಾಳಿ ಸಂಹಿತೆಯಡಿ ಕಂಪನಿಗೆ ಸಾಲ ಕೊಟ್ಟವರು ತಾವಾಗಿ ತಲೆಯೊಡ್ಡಿ ಹೇರ್‌ಕಟ್ ಮಾಡಿಸಿಕೊಂಡು, ಎಂದರೆ ಬಾಕಿಯಲ್ಲಿ ಒಂದಷ್ಟು ಬಿಟ್ಟುಕೊಟ್ಟು, ಹೋಗುತ್ತಾರೆ. ಮಾಲೀಕರು ಬದಲಾದರೂ ಕಂಪನಿಯ ಹಳೇ ನಷ್ಟ ಬಳುವಳಿಯಂತೆ ಜೊತೆಗೇ ಬರುತ್ತದೆ, ತೆರಿಗೆ ತಗ್ಗಿಸಿಕೊಳ್ಳಲು. ಆ ಸಂಹಿತೆಯಲ್ಲಿ ಬಿಡಿ ಮನುಷ್ಯರಿಗೂ ಒಂದು ಭಾಗವಿದೆ. ಆದರೆ ಜಾರಿಗೆ ಬಂದಿರುವುದು ಕಂಪನಿಗಳಿಗೆ ಜಾಮೀನು ನಿಂತವರ ಮಟ್ಟಿಗಷ್ಟೇ. ರಾಯರಂಥವರು ದಿವಾಳಿ ಅರ್ಜಿ ಹಾಕಬೇಕಾದ್ದು 1920ರ ಕಾಯ್ದೆಯಲ್ಲಿ. ಗಾಂಧೀಜಿ ಅಸಹಕಾರ ಚಳವಳಿ ಶುರು ಮಾಡಿದ ವರ್ಷದ್ದು.

ಹರಾಜಿನಲ್ಲಿ ಕೊಂಡವರು ಗೇಟಿನ ಆ ಬಾಡಿಗೆ ಬೋರ್ಡನ್ನು ಇನ್ನೂ ತೆಗೆದಿಲ್ಲ. ಅದರಲ್ಲಿರುವುದು ರಾಯರ ನಂಬರೇ. ವಾರಕ್ಕೆ ಒಬ್ಬಿಬ್ಬರಾದರೂ ಫೋನ್ ಮಾಡಿ ಅಡ್ವಾನ್ಸ್ ಎಷ್ಟು, ಕಾವೇರಿ ನೀರು ಬರುತ್ತಾ ಎಂದು ಕೇಳುತ್ತಾರೆ. ರಾಯರು ಬೇಸರಪಡದೆ ಉತ್ತರಿಸುತ್ತಾರೆ:

“ಮನೆ ನನ್ನದಲ್ಲ ಸ್ವಾಮಿ. ಅದರ ಲಾಭ ಮಾತ್ರ ನನ್ನದು.”