ದಸ್ತಾವೇಜಿನ ದೆವ್ವಗಳು: ಒಂದು ಸಾಂಸ್ಥಿಕ-ಸಂಕಥನಾತ್ಮಕ ಅನುಸಂಧಾನ

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಪರಿಮಿತಿ

ಪ್ರಸ್ತುತ ಸಂಪ್ರಬಂಧವು ಮೃತಪ್ರಾಯ ಆಂಗ್ಲ ವಿಧಿಪದಗಳ ಮರಣೋತ್ತರ ಜೀವನಕ್ರಮವನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನ. ‘ನೆಲೆಯಲ್ಲಿ’ ಎಂಬುದು ಇಲ್ಲಿ ಏಕೆ ಬಂತೆಂದು ಕೇಳಬಾರದು. ಅದಿಲ್ಲದ ಸಂಪ್ರಬಂಧಕ್ಕೆ ಪದವಿ ಸಿಕ್ಕ ನಿದರ್ಶನವಿಲ್ಲ. ಅಧ್ಯಯನದ ಆಕರ: ಬೆಂಗಳೂರಿನಲ್ಲಿ ಸೈಟು ಕೊಂಡವರ ಕೈಗೆ ಬರುವ ಇಂಗ್ಲಿಷ್ ಕ್ರಯಪತ್ರ. ಅಧ್ಯಯನದ ಮಿತಿ: ಅದನ್ನು ಕೊನೆಯವರೆಗೆ ಓದಿದವರು ಸಿಗದಿರುವುದು.

2. ವರ್ಗೀಕರಣ

ಸದರಿ ಪ್ರೇತಪದಗಳನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ.

(ಅ) ಪ್ರತ್ಯಯಪ್ರೇತಗಳು. ಉದಾಹರಣೆ: ‘ವಿಟ್ನೆಸೆತ್’. ‘ಸಾಕ್ಷಿ ನುಡಿಯುತ್ತದೆ’ ಎಂದು ಅರ್ಥ. ಕ್ರಿಯಾಪದಕ್ಕೆ ಹೀಗೆ ‘ಎತ್’ ಬಾಲ ಅಂಟಿಸುವ ರೂಢಿ ಇಂಗ್ಲಿಷರ ಆಡುಮಾತಿನಲ್ಲಿ ಹದಿನೇಳನೆಯ ಶತಮಾನದಲ್ಲೇ ಕಣ್ಮುಚ್ಚಿತು. ನಮ್ಮ ಛಾಪಾಕಾಗದದ ಮೇಲೆ ಇಂದಿಗೂ ದಪ್ಪಕ್ಷರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದೆ.

(ಆ) ಸ್ಖಾಲಿತ್ಯಸಂಭೂತಗಳು. ಉದಾಹರಣೆ: ‘ಮೆಸ್ವಿಜ್’. ಮನೆ ಮತ್ತು ಅದರ ಸುತ್ತಲಿನ ಜಾಗ ಎಂದು ಅರ್ಥ. ಹಳೆಯ ಫ್ರೆಂಚ್ ಪದವೊಂದರ ‘ಎನ್’ ಅಕ್ಷರವನ್ನು ಯಾವನೋ ನಕಲುಗಾರ ‘ಯು’ ಎಂದು ಓದಿದ್ದರಿಂದ ಇದು ಹುಟ್ಟಿರಬೇಕೆಂದು ಕೋಶಕಾರರ ಊಹೆ. ಗುಮಾಸ್ತನ ಕೈತಪ್ಪಿನಿಂದ ಎದ್ದ ಮನೆ, ನಕ್ಷೆ ಮಂಜೂರಾತಿಯ ಗೊಡವೆಯೇ ಇಲ್ಲದೆ ಶತಮಾನಗಳಿಂದ ನಿಂತಿದೆ.

(ಇ) ಸೂತಕಪದಗಳು. ಉದಾಹರಣೆ: ‘ಮಾರ್ಟ್‌ಗೇಜ್’, ಅಂದರೆ ‘ಸತ್ತ ಒತ್ತೆ’. ಸಾಲ ತೀರದಿದ್ದರೆ ಭೂಮಿ ಸಾಲಗಾರನ ಪಾಲಿಗೆ ಸತ್ತಿತು, ತೀರಿದರೆ ಒತ್ತೆ ಸಾಹುಕಾರನ ಪಾಲಿಗೆ ಸತ್ತಿತು ಎಂದು ನ್ಯಾಯವೇತ್ತ ಎಡ್ವರ್ಡ್ ಕೋಕ್ ವಿವರಿಸಿದ್ದಾನೆ. ಗೃಹಸಾಲದ ಕಂತು ಕಟ್ಟುತ್ತಿರುವವರಿಗೆ ಹೆಚ್ಚಿನ ಭಾಷ್ಯ ಬೇಡ.

(ಈ) ಸಂಕ್ಷೇಪಜನ್ಯಗಳು. ಉದಾಹರಣೆ: ‘ಕಲ್ಪ್ರಿಟ್’. ಆರೋಪಿ ‘ನಾನು ತಪ್ಪು ಮಾಡಿಲ್ಲ’ ಎಂದೊಡನೆ ದೊರೆಯ ಕಡೆಯ ಗುಮಾಸ್ತ ‘ತಪ್ಪಿತಸ್ಥನೇ, ಸಾಬೀತಿಗೆ ಸಿದ್ಧ’ ಎಂದು ಫ್ರೆಂಚಿನಲ್ಲಿ ಹೇಳಬೇಕಿತ್ತು. ಕಡತದಲ್ಲಿ ಅದು ‘ಕಲ್. ಪ್ರಿಟ್.’ ಆಯಿತು. ಫ್ರೆಂಚ್ ಮರೆತ ಮುಂದಿನವರು ಅದನ್ನು ಎದುರು ನಿಂತವನನ್ನು ಕರೆಯುವ ಪದವೆಂದೇ ಬಗೆದರು. ವಿಚಾರಣೆ ಶುರುವಾಗುವ ಮೊದಲೇ ನಾಮಕರಣ ಮುಗಿಯಿತು.

ಐದನೆಯ ವರ್ಗವಿಲ್ಲ. ವರ್ಗೀಕರಣ ಎಂದಮೇಲೆ ಐದಾದರೂ ಇರಬೇಕೆಂದು ಮಾರ್ಗದರ್ಶಕರು ಹೇಳಿದ್ದರಿಂದ ಐದು ಎಂದದ್ದು.

3. ಚಾರಿತ್ರಿಕ ಸಂರಚನೆ

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಜೊತೆ ಫ್ರೆಂಚ್ ಬಂತು, ಕಾಲಕ್ರಮೇಣ ಕೋರ್ಟಿನ ಕಟಕಟೆಯನ್ನೂ ಹತ್ತಿತು. ಜನರಿಗೆ ಫ್ರೆಂಚ್ ತಿಳಿಯದು, ಇನ್ನು ಮುಂದೆ ವಾದವೆಲ್ಲ ಇಂಗ್ಲಿಷಿನಲ್ಲೇ ನಡೆಯಲಿ ಎಂದು 1362ರಲ್ಲಿ ಒಂದು ಶಾಸನವಾಯಿತು. ಶಾಸನವನ್ನು ಬರೆದದ್ದು ಫ್ರೆಂಚಿನಲ್ಲಿ. ಕನ್ನಡ ಅನುಷ್ಠಾನದ ಬಗ್ಗೆ ಇಂಗ್ಲಿಷ್ ಸುತ್ತೋಲೆ ಕಂಡವರಿಗೆ ಇದು ಹೊಸತೇನಲ್ಲ.

ವಕೀಲರು ಶಾಸನಕ್ಕೆ ಜಗ್ಗಲಿಲ್ಲ. 1631ರಲ್ಲಿ ಸಾಲ್ಸ್‌ಬರಿಯ ಕೋರ್ಟಿನಲ್ಲಿ ಶಿಕ್ಷೆ ಕೇಳಿದ ಕೈದಿಯೊಬ್ಬ ನ್ಯಾಯಾಧೀಶನತ್ತ ಇಟ್ಟಿಗೆ ಚೂರು ಬೀಸಿದ, ಗುರಿ ತಪ್ಪಿತು. ಇದರ ವರದಿ ಒಂದು ಅಪೂರ್ವ ಭಾಷಿಕ ಸಮ್ಮಿಶ್ರಣ. ವ್ಯಾಕರಣವೆಲ್ಲ ಮುರುಕು ಫ್ರೆಂಚ್, ಇಟ್ಟಿಗೆಗೂ ‘ಕೂದಲೆಳೆಯಲ್ಲಿ ತಪ್ಪಿತು’ ಎಂಬುದಕ್ಕೂ ಇಂಗ್ಲಿಷ್. ಕಾನೂನು ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದಿ ನಗುತ್ತಾರೆ. ಅದೇ ವರದಿಯಲ್ಲಿ ಮುಂದಿನ ಸಂಗತಿಯೂ ಇದೆ: ಆ ಮನುಷ್ಯನ ಬಲಗೈ ಕಡಿದು ಗಲ್ಲುಗಂಬಕ್ಕೆ ಬಡಿದರು, ಅದೇ ಕಂಬಕ್ಕೆ ಅವನನ್ನೂ ಆಗಲೇ ನೇತುಹಾಕಿದರು. ನಗು ಬರಿಸುವ ಭಾಷೆಯಲ್ಲಿ ಬರೆದರೂ ಸತ್ತವನು ಸತ್ತವನೇ.

ಇಂಗ್ಲೆಂಡಿನ ಕೋರ್ಟುಗಳು ಪೂರ್ತಿ ಇಂಗ್ಲಿಷಿಗೆ ತಿರುಗಿದ್ದು 1733ರಲ್ಲಿ. 1999ರಲ್ಲಿ ಅವರು ‘ಪ್ಲೇಂಟಿಫ್’ (ವಾದಿ) ಎಂಬ ಪದವನ್ನೂ ಜನರಿಗೆ ಕಷ್ಟವೆಂದು ತಮ್ಮ ಸಿವಿಲ್ ನಿಯಮಗಳಿಂದ ಕಿತ್ತುಹಾಕಿದರು. ನಾವು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದನ್ನು ಜೋಪಾನ ಮಾಡಿಟ್ಟುಕೊಂಡಿದ್ದೇವೆ.

4. ತೌಲನಿಕ ಅವಲೋಕನ

ಕನ್ನಡದ ಕ್ರಯಪತ್ರವೇನೂ ಸಾಚಾ ಅಲ್ಲ. ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ ಎಂಬ ಅಷ್ಟಭೋಗಗಳು ವಿಜಯನಗರದ ದಾನಶಾಸನಗಳಿಂದ ಎದ್ದು ಬಂದು ಮೂವತ್ತು-ನಲವತ್ತರ ಸೈಟಿನಲ್ಲಿ ಬಿಡಾರ ಹೂಡಿವೆ. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ನಿಕ್ಷೇಪಕ್ಕೆ ಹಕ್ಕಿದೆ. ಆದರೂ ಅದನ್ನು ಗಟ್ಟಿಯಾಗಿ ಓದಿದರೆ ಕೇಳುವ ಅಜ್ಜಿಗೆ ನೀರು, ಕಲ್ಲು ಎಂದಾದರೂ ತಿಳಿಯುತ್ತದೆ. ‘ಹೆರೆಡಿಟಮೆಂಟ್ಸ್’ ಎಂದರೆ ಏನು ತಿಳಿಯಬೇಕು?

ಸಂಪ್ರಬಂಧದ ಭಾಷೆ ಇಲ್ಲಿಗೆ ಸಾಕು. 1908ರ ನೋಂದಣಿ ಕಾಯಿದೆಯ 19ನೆಯ ಕಲಂ ತೆಗೆದು ನೋಡಿ. ನೋಂದಣಿ ಅಧಿಕಾರಿಗೆ ಅರ್ಥವಾಗದ, ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದ ಭಾಷೆಯಲ್ಲಿ ಪತ್ರವಿದ್ದರೆ, ಅನುವಾದ ಲಗತ್ತಿಸದೆ ನೋಂದಾಯಿಸುವಂತಿಲ್ಲ. ಸರಿ. ಹೊಲ ಬಿಟ್ಟುಕೊಡುವ ಹೆಂಗಸಿಗೆ ಅರ್ಥವಾಗದಿದ್ದರೆ? ಆ ಕಲಂ ಆ ಮಾತೇ ಎತ್ತುವುದಿಲ್ಲ. ಮುದ್ರೆ ಒತ್ತುವವನಿಗೆ ತಿಳಿದರಾಯಿತು. ಅವಳ ಪಾಲಿಗೆ ಉಳಿಯುವುದು ‘ಇಲ್ಲಿ ಒತ್ತಮ್ಮ, ಇಲ್ಲೊಂದು, ಇನ್ನೊಂದು ಪುಟ’. ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಹೊರಬಂದವಳ ಎರಡೆಕರೆ, ಯಾವ ದೇಶದಲ್ಲೋ ಯಾವಾಗಲೋ ಸತ್ತ ಪದಗಳ ಕೆಳಗೆ ಹೋಗಿರುತ್ತದೆ. ಇದಕ್ಕೆ ವ್ಯುತ್ಪತ್ತಿ ಹುಡುಕುವುದು ಪಾಂಡಿತ್ಯವಲ್ಲ, ಹೊಣೆಗೇಡಿತನ.

5. ಶಿಫಾರಸು

ಪತ್ರ ಬರೆಯುವವರೇ, ಕನ್ನಡದಲ್ಲಿ ಬರೆಯಿರಿ, ನೋಂದಣಿಗೆ ಅಡ್ಡಿಯಿಲ್ಲ. ಸಹಿ ಹಾಕುವವರೇ, ಪೂರ್ತಿ ಓದಿ ಹೇಳುವ ತನಕ ಬೆರಳಿಗೆ ಮಸಿ ಹಚ್ಚಿಸಿಕೊಳ್ಳಬೇಡಿ. ಹಿಂದೆ ಸಾಲು ಬೆಳೆದರೆ ಬೆಳೆಯಲಿ.