ಡಿಶ್ಶಿನ ಅಸ್ಮಿತೆ ಮತ್ತು ಬಾಲ್ಕನಿಯ ಸಾಂಸ್ಕೃತಿಕ ರಾಜಕಾರಣ: ಒಂದು ತಾತ್ತ್ವಿಕ ಅನುಸಂಧಾನ

1.0 ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ಬೆಂಗಳೂರಿನ ಬಹುಮಹಡಿ ವಸತಿ ಸಮುಚ್ಚಯಗಳ ನೆಲೆಯಲ್ಲಿ, ಡಿಶ್ ಎಂಬ ಲೋಹರೂಪಿ ಸಂಜ್ಞಾಗ್ರಾಹಕವು ನಿವಾಸಿ ಹಾಗೂ ನಿವಾಸಿಗಳ ಸಂಘದ ನಡುವೆ ನಿರ್ಮಿಸುವ ಮುಖಾಮುಖಿಯನ್ನು ವಿವಿಧ ಆಯಾಮಗಳಿಂದ ನಿರ್ವಚಿಸುವ ವಿನಮ್ರ ಪ್ರಯತ್ನವಾಗಿರುತ್ತದೆ. ಪ್ರಾಥಮಿಕ ಆಕರ: ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡು. ದ್ವಿತೀಯಕ ಆಕರ: ಲಿಫ್ಟಿನೊಳಗಿನ ಮಾತು, ಇದು ಹೆಚ್ಚು ವಿಶ್ವಾಸಾರ್ಹ. ಕ್ಷೇತ್ರಕಾರ್ಯವನ್ನು ಹವಾಯಿ ಚಪ್ಪಲಿಯಲ್ಲಿ ಕೈಗೊಳ್ಳಲಾಗಿದೆ. ಸಂಘದ ಕಾರ್ಯದರ್ಶಿಗಳು ಸಂದರ್ಶನಕ್ಕೆ ಸಿಗಲಿಲ್ಲ, ಅವರ ಸುತ್ತೋಲೆ ಸಿಕ್ಕಿತು. ಅದರ ತಿರುಳಿಷ್ಟು: ಬಾಲ್ಕನಿಯಲ್ಲಿ ಡಿಶ್ ಹಾಕಿದರೆ ಎಲಿವೇಷನ್ ಕೆಡುತ್ತದೆ, ತಾರಸಿಯಲ್ಲಿ ಹಾಕಿದರೆ ವಾಟರ್‌ಪ್ರೂಫಿಂಗ್ ಕೆಡುತ್ತದೆ, ಆದ್ದರಿಂದ ಸದಸ್ಯರು ಸೂಕ್ತವಾದ ಬೇರೆ ಸ್ಥಳದಲ್ಲಿ ಅಳವಡಿಸಿಕೊಳ್ಳತಕ್ಕದ್ದು. ಆ ಬೇರೆ ಸ್ಥಳ ಯಾವುದೆಂಬುದನ್ನು ಸುತ್ತೋಲೆ ಮುಂದಿನ ಸಂಶೋಧಕರಿಗೆ ಬಿಟ್ಟಿದೆ.

1.1 ಖಗೋಳೀಯ ಆಯಾಮ

ದೂರದರ್ಶನದ ಫ್ರೀ ಡಿಶ್ ವಾಹಿನಿಗಳನ್ನು ಬಿತ್ತರಿಸುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕ ವೃತ್ತದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ. ವಾಸ್ತುಪಂಡಿತರು ಆಗ್ನೇಯವನ್ನು ಎಂದೋ ಒಲೆಗೆ ಬರೆದುಕೊಟ್ಟಿದ್ದಾರೆ. ಇಸ್ರೋದವರು ಇದನ್ನು ಗಮನಿಸಿದಂತಿಲ್ಲ. ಪಶ್ಚಿಮಕ್ಕೆ ಬಾಲ್ಕನಿಯುಳ್ಳವರು ಈ ಅಧ್ಯಾಯವನ್ನು ಇಲ್ಲಿಗೇ ಕೈಬಿಡಬಹುದು.

ಆಗ್ನೇಯದ ಬಾಲ್ಕನಿಯವರಿಗೂ ಸುಖವಿಲ್ಲ. ಉಪಗ್ರಹ ನಮ್ಮೂರಿನ ದಿಗಂತದಿಂದ ಸುಮಾರು 66 ಡಿಗ್ರಿ ಮೇಲಿರುವುದರಿಂದ, ಬಾಲ್ಕನಿಯ ಒಳಗಿಟ್ಟ ಡಿಶ್ಶಿಗೆ ಕಾಣುವುದು ಮೇಲಿನ ಮನೆಯ ಬಾಲ್ಕನಿಯ ತಳ. ಸಿಗ್ನಲ್ ಬೇಕೆಂದರೆ ಡಿಶ್ ಗ್ರಿಲ್ಲಿನಿಂದ ಆಚೆಗೆ ಕತ್ತು ಚಾಚಲೇಬೇಕು. ಚಾಚಿದ ಕ್ಷಣವೇ ಎಲಿವೇಷನ್ನಿಗೆ ಅಪಚಾರ. ಅಂದರೆ ತಪ್ಪು ನಿವಾಸಿಯದಲ್ಲ, ರೇಖಾಗಣಿತದ್ದು. ಆದರೆ ರೇಖಾಗಣಿತಕ್ಕೆ ದಂಡ ಹಾಕಲು ಬೈಲಾದಲ್ಲಿ ಅವಕಾಶವಿಲ್ಲವಾದ್ದರಿಂದ ನಿವಾಸಿಗೇ ಹಾಕಲಾಗುತ್ತದೆ.

1.2 ಚಾರಿತ್ರಿಕ ಆಯಾಮ

1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಎಂಬ ಪ್ರಯೋಗ ನಡೆಯಿತು. (ಬೆಂಗಳೂರಿನ ಓದುಗರು ಗಾಬರಿಯಾಗಬಾರದು, ಇದು 30-40ರ ಸೈಟಲ್ಲ.) ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಡಿಶ್ಶುಗಳನ್ನು ಸರ್ಕಾರವೇ ತಂದು ನಿಲ್ಲಿಸಿತು. ಊರಿನ ಎಲಿವೇಷನ್ ಕೆಟ್ಟಿತೆಂದು ಯಾರಾದರೂ ದೂರಿದ ದಾಖಲೆ ಪ್ರಸ್ತುತ ಸಂಶೋಧಕನಿಗೆ ಲಭ್ಯವಾಗಿಲ್ಲ. ಅರ್ಧ ಶತಮಾನದ ನಂತರ, ಅದರ ಐದನೇ ಒಂದರಷ್ಟು ಅಗಲದ ತಟ್ಟೆಯೊಂದು ರಾಜಧಾನಿಯ ಸೌಂದರ್ಯಪ್ರಜ್ಞೆಯನ್ನು ಅಲ್ಲಾಡಿಸುತ್ತಿದೆ.

1.3 ನ್ಯಾಯಶಾಸ್ತ್ರೀಯ ಆಯಾಮ

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ತಾರಸಿ ಎಲ್ಲರ ಸೊತ್ತು. ಪ್ರತಿಯೊಬ್ಬ ಮಾಲೀಕನಿಗೂ ಅದರಲ್ಲಿ ಅವಿಭಜಿತ ಪಾಲು. ಅವಿಭಜಿತ ಎಂಬಲ್ಲೇ ಇದರ ಮಹಿಮೆಯಿದೆ: ಪಾಲು ನನ್ನದು, ಬೀಗದ ಕೈ ಎಸ್ಟೇಟ್ ಮ್ಯಾನೇಜರರದು. ಕಾಯ್ದೆ ಬರೆದವರನ್ನು ದೂರುವಂತಿಲ್ಲ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. 1995ರಲ್ಲಿ ಸುಪ್ರೀಂ ಕೋರ್ಟು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕ ಸೊತ್ತು, ಮಾಹಿತಿ ಪಡೆಯುವುದೂ ವಾಕ್‌ಸ್ವಾತಂತ್ರ್ಯದ ಭಾಗ ಎಂದು ಹೇಳಿತು. ತರಂಗ ನಮ್ಮದಾಯಿತು. ಅದು ಇಳಿದು ಬರಬೇಕಾದ ಮೊಳೆ ಮಾತ್ರ ಸಂಘದ್ದು.

ಅಮೆರಿಕದವರು ಈ ಜಗಳವನ್ನು 1996ರಲ್ಲೇ ಮುಗಿಸಿಕೊಂಡರು. ಅಲ್ಲಿನ ಸಂಪರ್ಕ ಆಯೋಗದ ನಿಯಮದಂತೆ, ಒಂದು ಮೀಟರಿನೊಳಗಿನ ಡಿಶ್ಶನ್ನು ನಿಮ್ಮ ಸ್ವಂತ ಬಳಕೆಯ ಬಾಲ್ಕನಿಯಲ್ಲೋ ಅಂಗಳದಲ್ಲೋ ಹಾಕಲು ಮನೆಮಾಲೀಕರ ಸಂಘ ಅಡ್ಡಬರುವಂತಿಲ್ಲ; ಸುರಕ್ಷತೆ, ಪಾರಂಪರಿಕ ಕಟ್ಟಡಗಳ ರಕ್ಷಣೆ ಇಂಥ ಕಾರಣಗಳಿದ್ದರೆ ಬೇರೆ ಮಾತು. 1999ರಿಂದ ಬಾಡಿಗೆದಾರರಿಗೂ ಈ ಹಕ್ಕಿದೆ. ಎಲ್ಲರಿಗೂ ಸೇರಿದ ತಾರಸಿಗೆ ಅಲ್ಲಿಯೂ ರಕ್ಷಣೆಯಿಲ್ಲ, ನಿಜ. ಆದರೂ ನ್ಯೂಜೆರ್ಸಿಯ ಬಾಡಿಗೆ ಮನೆಯ ಕನ್ನಡಿಗನಿಗೆ ತನ್ನ ಬಾಲ್ಕನಿಯಲ್ಲಿರುವಷ್ಟು ಹಕ್ಕು ಬನಶಂಕರಿಯಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಂಡ ಅವನ ತಮ್ಮನಿಗೆ ಇಲ್ಲ.

1.4 ವರ್ಗೀಕರಣ

ಗ್ರಾಹಕಗಳನ್ನು ಐದು ವರ್ಗಗಳಾಗಿ ವಿಂಗಡಿಸಬಹುದಾಗಿದೆ.

(ಅ) ದಂಡಾತ್ಮಕ: ಅಲ್ಯೂಮಿನಿಯಂ ಕಡ್ಡಿಗಳ ಹಳೆಯ ಆಂಟೆನಾ. ತಾರಸಿಯಿಂದ ‘ಬಂತಾ?’, ಹಾಲಿನಿಂದ ‘ಬಂತು, ಬಂತು, ಹೋಯ್ತು!’ ಎಂಬ ಸಂವಾದಾತ್ಮಕ ಜ್ಞಾನಪರಂಪರೆ ಇದರ ಕೊಡುಗೆ. ಕಾಗೆ ಇದರ ಸಹಭಾಗಿ.

(ಆ) ವರ್ತುಲಾತ್ಮಕ: ಅಂದರೆ ಡಿಶ್. ಉಪವರ್ಗಗಳು: ಗ್ರಿಲ್‌ಸ್ಥ, ಪ್ಯಾರಪೆಟ್‌ಸ್ಥ, ಟ್ಯಾಂಕ್‌ಸಮೀಪಸ್ಥ.

(ಇ) ಮಹಾದಂಡಾತ್ಮಕ: ನಮ್ಮ ತಾರಸಿಯ ಮೇಲೆ ಓವರ್‌ಹೆಡ್ ಟ್ಯಾಂಕಿಗಿಂತ ಎತ್ತರಕ್ಕೆ ನಿಂತಿರುವ ಮೊಬೈಲ್ ಟವರ್.

ಉಳಿದ ಎರಡು ವರ್ಗಗಳನ್ನು ಬರೆಯಲು ಇನ್ನು ಮನಸ್ಸಿಲ್ಲ. ಟವರಿನ ಹತ್ತಿರ ಬಂದ ಮೇಲೆ ತಿಳಿಯುತ್ತದೆ, ವರ್ಗಗಳಿರುವುದು ಎರಡೇ: ಸಂಘಕ್ಕೆ ಬಾಡಿಗೆ ತರುವುದು, ತರದಿರುವುದು. ಆ ಟವರಿಗೆ ತಾರಸಿಯಲ್ಲಿ ಕೊರೆದ ತೂತುಗಳಿಂದ ವಾಟರ್‌ಪ್ರೂಫಿಂಗ್ ಕೆಡಲಿಲ್ಲ. ಅದರ ಜನರೇಟರು, ಕೇಬಲ್ಲು, ಮುಳ್ಳುತಂತಿ ಯಾವುದೂ ಎಲಿವೇಷನ್ನಿಗೆ ತಾಗಲಿಲ್ಲ. ಅರ್ಧ ಮೈಲಿ ದೂರದಿಂದಲೇ ಕಾಣುವ ಕಬ್ಬಿಣ ಕಣ್ಣಿಗೆ ಬೀಳದವರಿಗೆ, ಹಿಂದಿನ ಬ್ಲಾಕಿನ ಯುಟಿಲಿಟಿ ಬಾಲ್ಕನಿಯಲ್ಲಿದ್ದ ಡಿಶ್ ಮಾತ್ರ ಕಂಡಿತು.

ಆ ಡಿಶ್ ಯಾರದು? ಬಾಡಿಗೆಗೆ ಬಂದ ಮಗನ ಜೊತೆಗಿರುವ ಅಜ್ಜಿಯೊಬ್ಬರದು. ಒಮ್ಮೆ ದುಡ್ಡು ಕೊಟ್ಟು ಡಿಶ್ಶು ಬಾಕ್ಸು ತಂದರೆ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ. ಅವರು ನೋಡುತ್ತಿದ್ದುದು ಚಂದನದ ವಾರ್ತೆ, ‘ಥಟ್ ಅಂತ ಹೇಳಿ’, ಕೃಷಿ ಕಾರ್ಯಕ್ರಮ. ಈಗ ಹೊಲವಿಲ್ಲ, ಮಳೆ ಎಲ್ಲಿ ಬಂತೆಂದು ತಿಳಿಯುವ ಚಟ ಉಳಿದಿದೆ. ಮಗ ಕೆಲಸಕ್ಕೆ ಹೋಗಿದ್ದಾಗ ಸ್ಪ್ಯಾನರ್ ಹಿಡಿದು ಬಂದವರು ಅದನ್ನು ಬಿಚ್ಚಿ ಕಸದ ಕೋಣೆಯ ಪಕ್ಕ ಒರಗಿಸಿದರು. ಕೇಳಲು ಹೋದ ಅಜ್ಜಿಗೆ ಸಿಕ್ಕ ಉತ್ತರ: “ವೈಫೈ ಹಾಕ್ಸ್ಕೊಳ್ಳಿ ಅಮ್ಮ, ಮೊಬೈಲಲ್ಲೇ ಎಲ್ಲಾ ಬರುತ್ತೆ.” ಮಗ ಬಾಡಿಗೆದಾರನಾದ್ದರಿಂದ ಮಹಾಸಭೆಯಲ್ಲಿ ಅವನಿಗೆ ಓಟಿಲ್ಲ. ಓಟಿರುವ ನಾವು ಏನು ಮಾಡಿದೆವು ಎಂದರೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಸುತ್ತೋಲೆಗೆ ಹೆಬ್ಬೆರಳು ಎತ್ತಿದೆವು. ಒಬ್ಬ ಮುದುಕಿಯ ಸಂಜೆಯನ್ನು ಕಿತ್ತು ಕಸಕ್ಕಿಡಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಯಾವ ಸೌಂದರ್ಯಶಾಸ್ತ್ರ ಇದು?

ಸಿಟ್ಟು ಸಂಶೋಧಕನಿಗೆ ಹೇಳಿದ್ದಲ್ಲ. ಆದ್ದರಿಂದ ಫಲಿತಾಂಶದ ಅಧ್ಯಾಯವನ್ನು ಕೈಬಿಟ್ಟು ಒಂದು ಮನವಿ ಸಲ್ಲಿಸುತ್ತಿದ್ದೇನೆ. ಡಿಶ್ ಗಾಳಿಗೆ ಕಿತ್ತು ಬಿದ್ದರೆ ಕೆಳಗಿದ್ದವರ ತಲೆ ಒಡೆಯುತ್ತದೆ, ಸಿಕ್ಕಲ್ಲೆಲ್ಲ ಮೊಳೆ ಹೊಡೆದರೆ ತಾರಸಿ ಸೋರುತ್ತದೆ. ಇವೆರಡೂ ಒಪ್ಪತಕ್ಕ ಮಾತು. ಹಾಗಾದರೆ ತಾರಸಿಯ ಆಗ್ನೇಯ ಮೂಲೆಯಲ್ಲಿ, ತೂತು ಕೊರೆಯದೆ, ಕಾಂಕ್ರೀಟ್ ದಿಮ್ಮಿಯ ಮೇಲೆ ಒಂದು ಕಬ್ಬಿಣದ ಚೌಕಟ್ಟು ನಿಲ್ಲಿಸಿ. ಒಂದು ಮೀಟರಿನೊಳಗಿನ ಡಿಶ್ಶನ್ನು ಮಾಲೀಕರೋ ಬಾಡಿಗೆದಾರರೋ ಯಾರು ತಂದರೂ ಅಲ್ಲಿ ಜಾಗ ಕೊಡಬೇಕೆಂದು ಬೈಲಾಕ್ಕೆ ಒಂದು ಸಾಲು ಸೇರಿಸಿ. ಖರ್ಚಿಗೆ ಟವರಿನ ಬಾಡಿಗೆಯಿದೆ.